ಡಿಸ್ಚಾರ್ಜ್ ಹಾಳೆಯಲ್ಲಿ ‘ಕ್ರಾನಿಕ್’, ‘ಸ್ಟೇಜ್ 3ಎ’ ಅಂತ ಇದೆ. ಅರ್ಥ ತಿಳಿಸಿ

ನವನಗರದವ
ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆ. ಅಪ್ಪನಿಗೆ 66 ವರ್ಷ, ಶುಗರ್ ಬಂದು ಬಹಳ ದಿನ ಆಯಿತು. ಮೊನ್ನೆ ಕಾಲು ಬಾತಿತ್ತು ಅಂತ ದವಾಖಾನೆಗೆ ಅಡ್ಮಿಟ್ ಮಾಡಿದ್ದೆವು. ಈಗ ಮನೆಗೆ ಬಂದಿದ್ದಾರೆ, ಓಡಾಡಿಕೊಂಡು ಆರಾಮಾಗಿದ್ದಾರೆ. ಆದರೆ ಡಿಸ್ಚಾರ್ಜ್ ಹಾಳೆಯಲ್ಲಿ ‘ಕ್ರಾನಿಕ್ ಕಿಡ್ನಿ ಡಿಸೀಸ್, ಸ್ಟೇಜ್ 3ಎ’ ಎಂದು ಬರೆದಿದ್ದಾರೆ. ಕ್ರಿಯಾಟಿನಿನ್ 1.5, ಇಜಿಎಫ್‌ಆರ್ 51, ಎಚ್‌ಬಿಎ1ಸಿ 8.1.

ಕಾಕಾ ಅದನ್ನು ಓದಿದವರೇ ‘ಮೂರನೇ ಸ್ಟೇಜ್ ಅಂದ್ರೆ ಇನ್ನೇನು ಉಳಿದಿದೆ, ಡಯಾಲಿಸಿಸ್‌ಗೆ ರೊಕ್ಕ ಹೊಂದಿಸ್ಕೊಳ್ರಿ’ ಅಂದರು. ಅವತ್ತಿನಿಂದ ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ಅತ್ತೆಯದು ಇನ್ನೊಂದು ಮಾತು. ‘ಅಕ್ಯೂಟ್ ಅಂದ್ರೆ ಜೋರು, ಕ್ರಾನಿಕ್ ಅಂದ್ರೆ ಹಳೇದು, ಹಗುರ. ಗುಳಿಗೆ ಬಿಟ್ಟರೂ ನಡೀತದ’ ಅನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ನಂಬಬೇಕು? ಓಪಿಡಿಯಲ್ಲಿ ಹಿಂದೆ ಅಷ್ಟು ಮಂದಿ ನಿಂತಿರುವಾಗ ಡಾಕ್ಟರನ್ನು ಒಂದೊಂದೇ ಪದ ಕೇಳೋಕೆ ಆಗಲಿಲ್ಲ. ತಿಳಿದವರು ಬಿಡಿಸಿ ಹೇಳಿ.

ಗುಮ್ಮಟನಗರಿ
ಇಬ್ಬರ ಮಾತೂ ಬಿಡಿ. ಮೊದಲು ಅವ್ವನಿಗೆ ಊಟ ಮಾಡಿಸಿ. ಕಿಡ್ನಿಯ ಸ್ಟೇಜ್ ಬೇರೆ, ಕ್ಯಾನ್ಸರಿನ ಸ್ಟೇಜ್ ಬೇರೆ.

ಬೆಳಗಾವಿ ಹೌಸ್‌ಸರ್ಜನ್
ಗುಮ್ಮಟನಗರಿಯವರು ಹೇಳಿದ್ದು ಸರಿ. ಕ್ಯಾನ್ಸರಿನಲ್ಲಿ ಸ್ಟೇಜ್ ಅಂದರೆ ಗಡ್ಡೆ ಎಷ್ಟು ಬೆಳೆದಿದೆ, ಎಲ್ಲೆಲ್ಲಿ ಹರಡಿದೆ ಅನ್ನುವ ಲೆಕ್ಕ. ಕಿಡ್ನಿಯ ಸ್ಟೇಜಿನಲ್ಲಿ ಹರಡುವ ಮಾತೇ ಇಲ್ಲ. ಕಿಡ್ನಿ ಎಷ್ಟು ವೇಗವಾಗಿ ರಕ್ತ ಸೋಸುತ್ತಿದೆ ಅಂತ ನೋಡಿ ಹಂತ ಹೇಳುತ್ತಾರೆ. ಆ ವೇಗವೇ ಇಜಿಎಫ್‌ಆರ್. 45ರಿಂದ 59ರ ನಡುವೆ ಇದ್ದರೆ 3ಎ. 30ರಿಂದ 44 ಇದ್ದರೆ 3ಬಿ. 15ರಿಂದ 29 ಇದ್ದರೆ ನಾಲ್ಕು. 15ಕ್ಕಿಂತ ಕೆಳಗೆ ಹೋದರೆ ಐದು. ಡಯಾಲಿಸಿಸ್ ಮಾತು ಸಾಮಾನ್ಯವಾಗಿ ಐದನೇ ಹಂತದಲ್ಲೇ ಬರೋದು, ಅಲ್ಲೂ ಬರೀ ಅಂಕಿ ನೋಡಿ ಶುರು ಮಾಡಲ್ಲ, ರೋಗಿಯ ಸ್ಥಿತಿ ನೋಡುತ್ತಾರೆ. ನಿಮ್ಮಪ್ಪನದು 51. ಶುಗರ್, ಬಿಪಿ ಹಿಡಿತದಲ್ಲಿಟ್ಟುಕೊಂಡು ಇದೇ ಹಂತದಲ್ಲಿ ವರ್ಷಗಟ್ಟಲೆ ಇರುವವರು ಬಹಳ ಜನ.

ಇನ್ನೊಂದು ವಿಷಯ. ಬರೀ ಕ್ರಿಯಾಟಿನಿನ್ ಅಂಕಿ ನೋಡಿ ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ. ಅದು ಸ್ನಾಯುಗಳಿಂದ ಬರುವ ತ್ಯಾಜ್ಯ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಎಪಿಎಂಸಿಯಲ್ಲಿ ಚೀಲ ಹೊರುವ ಗಟ್ಟಿ ಆಳಿಗೆ 1.3 ಇದ್ದರೆ ಅದು ಅವನ ಸ್ನಾಯುವಿನ ಲೆಕ್ಕವೇ ಇರಬಹುದು. ಅದೇ 1.3 ಒಬ್ಬ ಸಣಕಲು ಅಜ್ಜಿಗೆ ಇದ್ದರೆ ಕಿಡ್ನಿ ಸಾಕಷ್ಟು ಸೋತಿದೆ ಅಂತ ಅರ್ಥ. ಅದಕ್ಕೇ ವಯಸ್ಸು, ಹೆಣ್ಣೋ ಗಂಡೋ ಅನ್ನೋದನ್ನೂ ಸೇರಿಸಿ ಇಜಿಎಫ್‌ಆರ್ ತೆಗೆಯೋದು.

ಜಮಖಂಡಿ ಟೀಚರ್
ಅತ್ತೆಯವರ ಮಾತಿಗೆ ನಾನು ಉತ್ತರ ಹೇಳುತ್ತೇನೆ, ಯಾಕಂದರೆ ಇದನ್ನು ನನ್ನ ಹೈಸ್ಕೂಲ್ ಮಕ್ಕಳೂ ಹಾಗೇ ತಿಳಿದಿರುತ್ತಾರೆ. ಅಕ್ಯೂಟ್, ಕ್ರಾನಿಕ್ ಎರಡೂ ಕಾಲದ ಮಾತು. ಜೋರು, ಹಗುರ ಅನ್ನುವ ಮಾತೇ ಅಲ್ಲಿಲ್ಲ. ಏಕಾಏಕಿ ಶುರುವಾಗಿದ್ದು ಅಕ್ಯೂಟ್. ಬಹಳ ಕಾಲ ಜೊತೆಗೇ ಇರುವುದು ಕ್ರಾನಿಕ್. ಬೇಸಿಗೆಯಲ್ಲಿ ವಾಂತಿಭೇದಿ ಆಗಿ ಕಿಡ್ನಿ ದಿಢೀರ್ ಕೈಕೊಟ್ಟರೆ ಅದು ಅಕ್ಯೂಟ್, ಬೇಗ ನೋಡಿದರೆ ಎಷ್ಟೋ ಸಲ ಪೂರ್ತಿ ಸರಿಹೋಗುತ್ತದೆ. ಮೂರು ತಿಂಗಳು ದಾಟಿದರೂ ದೋಷ ಉಳಿದರೆ ಮಾತ್ರ ಕಿಡ್ನಿಗೆ ಕ್ರಾನಿಕ್ ಅನ್ನುತ್ತಾರೆ. ನೆಗಡಿ ಅಕ್ಯೂಟ್, ಅದಕ್ಕೆ ಯಾರೂ ಹೆದರಲ್ಲ. ಶುಗರ್ ಕ್ರಾನಿಕ್, ಅದಕ್ಕೆ ಜೀವನಪೂರ್ತಿ ಗುಳಿಗೆ ಬೇಕು. ಹಾಗಾಗಿ ‘ಕ್ರಾನಿಕ್ ಇದೆ, ಗುಳಿಗೆ ಬಿಡು’ ಅನ್ನೋದು ಪೂರ್ತಿ ಉಲ್ಟಾ. ದಯವಿಟ್ಟು ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ.

ನವನಗರದವ
ತುಂಬಾ ಉಪಕಾರ ಆಯಿತು ಟೀಚರ್, ಡಾಕ್ಟರ್. ಅವ್ವನಿಗೆ ಎರಡೂ ಓದಿ ಹೇಳಿದೆ. 51 ಅಂದರೆ ಶೇಕಡಾ 51 ಕೆಲಸ ಮಾಡುತ್ತಿದೆ ಅಂತಾನಾ?

ಬೆಳಗಾವಿ ಹೌಸ್‌ಸರ್ಜನ್
ಅದು ಶೇಕಡಾ ಅಲ್ಲ, ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಅಂತ. ಆರೋಗ್ಯವಾಗಿರುವ ಹರೆಯದವರಿಗೆ 100ರ ಆಸುಪಾಸು ಇರೋದರಿಂದ ಮಾತಿಗೆ ಹಾಗೆ ಹೇಳುತ್ತಾರೆ, ತಪ್ಪೇನಿಲ್ಲ. ವಯಸ್ಸಾದಂತೆ ಎಲ್ಲರಿಗೂ ಸ್ವಲ್ಪ ಇಳಿಯುತ್ತದೆ. ಮುಂದಿನ ಸಲ ಹೋದಾಗ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟು ಹೋಗುತ್ತಿದೆ ಅನ್ನುವ ಟೆಸ್ಟ್ ಬೇಕಾ ಅಂತ ಕೇಳಿ. ಶುಗರ್ ಇದ್ದವರಿಗೆ ಅದು ಬಹಳ ಮುಖ್ಯ. ಕಿಡ್ನಿ ಮುಂದೆ ಹೇಗಿರುತ್ತದೆ ಅನ್ನೋ ಸುಳಿವು ಅದರಲ್ಲಿ ಸಿಗುತ್ತದೆ.

ಔಷಧ ಅಂಗಡಿ, ರಬಕವಿ
ಅಣ್ಣಾ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೊಣಕಾಲು ನೋವು, ಸೊಂಟ ನೋವು ಅಂತ ನಮ್ಮಲ್ಲಿ ಮಂದಿ ಅಂಗಡಿಗೆ ಬಂದು ‘ಆ ಕೆಂಪು ಗುಳಿಗೆ ಕೊಡ್ರಿ’ ಅಂತ ಡೈಕ್ಲೋಫೆನಾಕ್ ಒಯ್ದು ನುಂಗುತ್ತಾರೆ. ಕಿಡ್ನಿ ಸೋತವರಿಗೆ ಅದು ವಿಷ ಇದ್ದ ಹಾಗೆ. ಐಬುಪ್ರೊಫೇನ್ ಕೂಡ ಅದೇ ಜಾತಿ. ಅಪ್ಪನಿಗೆ ಮೈಕೈ ನೋವು ಬಂದರೆ ಡಾಕ್ಟರನ್ನು ಕೇಳದೆ ಒಂದೂ ಕೊಡಬೇಡಿ.

ಖಾನಾಪುರ ಕಾಡಂಚು
ಹಂಗಂದ್ರೆ ‘ಪೇನ್‌ಕಿಲ್ಲರ್’ ಎಲ್ಲಾ ಒಂದೇ ಅಲ್ವಾ? ಪ್ಯಾರಾಸಿಟಮಾಲ್ ಕೂಡ ಬೇಡವಾ?

ಔಷಧ ಅಂಗಡಿ, ರಬಕವಿ
ಒಂದೇ ಅಲ್ಲ. ಪ್ಯಾರಾಸಿಟಮಾಲ್ ಆ ಗುಂಪಿನದಲ್ಲ, ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಕಿಡ್ನಿಗೆ ಅಷ್ಟು ತ್ರಾಸು ಕೊಡಲ್ಲ. ಅಳತೆ ಮೀರಿದರೆ ಲಿವರ್‌ಗೆ ಹೊಡೆತ. ಹೆಸರು ಒಂದೇ ‘ನೋವಿನ ಗುಳಿಗೆ’ ಆದರೂ ಒಳಗಿನ ಔಷಧ ಬೇರೆ ಬೇರೆ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ.

ಲ್ಯಾಬ್ ಮಂದಿ
ನಾನು ಬೆಳಗಾವಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಿಪೋರ್ಟ್ ಕೈಗೆ ಕೊಟ್ಟ ತಕ್ಷಣ ಎಲ್ಲರೂ ನೋಡೋದು ದಪ್ಪ ಅಕ್ಷರದ ಅಂಕಿ. ಒಂದು ಕಂಡರೆ ಸಾಕು, ಕೌಂಟರ್ ಮುಂದೆಯೇ ಮುಖ ಬಾಡುತ್ತದೆ. ಆದ್ದರಿಂದ ‘ನಾರ್ಮಲ್ ರೇಂಜ್’ ಅಂದರೆ ಏನು ಅಂತ ಹೇಳಲೇಬೇಕು.

ಆರೋಗ್ಯವಾಗಿರುವ ತುಂಬಾ ಜನರ ರಕ್ತ ಅಳೆಯುತ್ತಾರೆ. ಅವರಲ್ಲಿ ಮಧ್ಯದ 95 ಪರ್ಸೆಂಟ್ ಜನರ ಅಂಕಿ ಎಲ್ಲಿಂದ ಎಲ್ಲಿಗೆ ಬರುತ್ತದೋ, ಅನೇಕ ಟೆಸ್ಟುಗಳಿಗೆ ಅದೇ ರೇಂಜ್. ಅಂದರೆ ಪೂರ್ತಿ ಆರೋಗ್ಯವಂತರಲ್ಲೂ ನೂರಕ್ಕೆ ಐದು ಜನ ಗೆರೆಯ ಹೊರಗೇ ಇರುತ್ತಾರೆ. ಇಪ್ಪತ್ತು ಮೂವತ್ತು ಟೆಸ್ಟಿನ ‘ಫುಲ್ ಬಾಡಿ’ ಪ್ಯಾಕೇಜ್ ಮಾಡಿಸಿದರೆ ಒಂದಾದರೂ ದಪ್ಪ ಅಕ್ಷರ ಬರೋದು ಸಹಜ. ಗೆರೆ ಸ್ವಲ್ಪ ದಾಟಿತು ಅಂದ ಮಾತ್ರಕ್ಕೆ ರೋಗ ಅಲ್ಲ. ಗೆರೆಯ ಒಳಗಿದೆ ಅಂದ ಮಾತ್ರಕ್ಕೆ ಆರೋಗ್ಯ ಅಂತಲೂ ಅಲ್ಲ. ಜೊತೆಗೆ, ಒಂದು ಲ್ಯಾಬಿನ ರೇಂಜ್ ಇನ್ನೊಂದರಲ್ಲಿ ಇರಲ್ಲ, ಯಂತ್ರ, ವಿಧಾನ ಬೇರೆ ಇರುತ್ತವೆ. ಹಾಗಾಗಿ ಹಳೇ ರಿಪೋರ್ಟ್ ಬಿಸಾಡಬೇಡಿ. ಹೋದ ವರ್ಷ ಎಷ್ಟಿತ್ತು, ಈಗ ಎಷ್ಟಿದೆ ಅನ್ನೋದೇ ಡಾಕ್ಟರಿಗೆ ಹೆಚ್ಚು ಬೇಕಾಗಿರೋದು.

ಎಚ್‌ಬಿಎ1ಸಿ ಬಗ್ಗೆಯೂ ಹೇಳಿಬಿಡುತ್ತೇನೆ. ರಕ್ತದ ಸಕ್ಕರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆ ಕಣದ ಆಯುಷ್ಯ ಸುಮಾರು 120 ದಿನ. ಹಾಗಾಗಿ ಎಷ್ಟು ಅಂಟಿದೆ ಅಂತ ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಟೆಸ್ಟಿನ ಹಿಂದಿನ ದಿನ ಹೋಳಿಗೆ ಬಿಟ್ಟು ಬರಿ ಜೋಳದ ರೊಟ್ಟಿ ತಿಂದರೆ ಫಾಸ್ಟಿಂಗ್ ಅಂಕಿ ಇಳಿಯಬಹುದು, ಇದು ಇಳಿಯಲ್ಲ. ಒಂದು ಹೊತ್ತಿನ ಹಾಲಿನ ಅಳತೆಗೂ ಡೈರಿಯ ಪಾಸ್‌ಬುಕ್ಕಿಗೂ ಇರುವ ವ್ಯತ್ಯಾಸ ಇದು. 5.7ಕ್ಕಿಂತ ಕೆಳಗೆ ಸರಿ, 6.4ರವರೆಗೆ ಗಡಿ, 6.5 ಮತ್ತು ಮೇಲೆ ಇದ್ದರೆ ಡಯಾಬಿಟಿಸ್.

ಕರದಂಟು ಗೋಕಾಕ
ಲ್ಯಾಬ್ ಅಣ್ಣಾ, ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿಗೆ ‘ಎಚ್‌ಬಿಎ1ಸಿ 9’ ಬಂದಿತ್ತು. ಮನೆಯವರು ಅದನ್ನು ಎಚ್‌ಬಿ 9 ಅಂತ ಓದಿದರು. ರಕ್ತ ಕಡಿಮೆ ಇದೆ ಅಂತ ದಿನಾ ಖರ್ಜೂರ, ಬೆಲ್ಲ, ಅಂಟಿನ ಉಂಡೆ ತಿನ್ನಿಸಿದರು. ಶುಗರ್ ಎಲ್ಲಿಗೋ ಹೋಗಿ ಅಜ್ಜಿ ಐಸಿಯು ಸೇರಿ ಹೊರಬಂದರು. ಹೆಸರು ಯಾಕೆ ಇಷ್ಟು ಹತ್ತಿರ ಇಟ್ಟಿದ್ದಾರೋ.

ಲ್ಯಾಬ್ ಮಂದಿ
ಇದು ಆಗಾಗ ಆಗುವ ಗೊಂದಲ. ಅಂಕಿಯ ಮುಂದೆ ಪರ್ಸೆಂಟ್ ಗುರುತು ಇದ್ದರೆ ಎಚ್‌ಬಿಎ1ಸಿ, ಶುಗರಿನದು. ಗ್ರಾಂ ಅಂತ ಇದ್ದರೆ ಹಿಮೋಗ್ಲೋಬಿನ್, ರಕ್ತದ್ದು. ರಕ್ತಹೀನತೆ ಇದ್ದವರಿಗೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಿಗೆ ಎಚ್‌ಬಿಎ1ಸಿ ತಪ್ಪು ಅಂಕಿ ತೋರಿಸಬಹುದು. ಅಂಥವರು ಮೊದಲೇ ಹೇಳಬೇಕು.

ಸವದತ್ತಿ ಸುಮಾ
ನಮ್ಮಲ್ಲಿ ಆದದ್ದು ‘ನೆಗೆಟಿವ್’ ಪದದಿಂದ. ಅಕ್ಕನ ಎದೆಯಲ್ಲಿ ಗಂಟು ಕಂಡು ಬಯಾಪ್ಸಿ ಮಾಡಿಸಿದ್ದೆವು. ರಿಪೋರ್ಟ್ ತರೋಕೆ ಹೋದ ಮಾವ ಫೋನಿನಲ್ಲಿ ‘ನೆಗೆಟಿವ್ ಬಂದಿದೆ’ ಅಂದರು. ಮನೆಯಲ್ಲಿ ಎಲ್ಲರೂ ಅಳೋಕೆ ಶುರು ಮಾಡಿದರು. ಅಕ್ಕ ಒಬ್ಬಳೇ ಸುಮ್ನೆ ಕೂತಿದ್ದಳು, ಆಮೇಲೆ ಅವಳೇ ಫೋನ್ ಕಸಿದುಕೊಂಡು ‘ಕ್ಯಾನ್ಸರ್ ಇಲ್ಲ ಅಂತಲೋ, ಇದೆ ಅಂತಲೋ, ಅಷ್ಟು ಹೇಳ್ರಿ’ ಅಂತ ಕೇಳಿದಳು. ಇಲ್ಲ ಅಂತ. ನಮ್ಮ ಮಾತಿನಲ್ಲಿ ನೆಗೆಟಿವ್ ಅಂದರೆ ಕೆಟ್ಟದ್ದು, ಟೆಸ್ಟಿನಲ್ಲಿ ಹುಡುಕಿದ್ದು ಸಿಗಲಿಲ್ಲ ಅಂತ ಅಷ್ಟೇ.

ಗುಮ್ಮಟನಗರಿ
ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುತ್ತಾರಲ್ಲ, ಮಾಡಿಸಬಾರದಿತ್ತು.

ಬೆಳಗಾವಿ ಹೌಸ್‌ಸರ್ಜನ್
ಈ ಮಾತು ಕೇಳಿ ಕೇಳಿ ಬೇಜಾರಾಗಿದೆ. ಇದೇ ಹೆದರಿಕೆಯಿಂದ ತಿಂಗಳುಗಟ್ಟಲೆ ತಡ ಮಾಡಿ ಬರುತ್ತಾರೆ. ಬಯಾಪ್ಸಿ ಅಂದರೆ ಸಣ್ಣ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡೋದು. ಎದೆಯ ಗಂಟಿಗೆ ಸೂಜಿಯಿಂದ ತೆಗೆದ ಚೂರು ಕ್ಯಾನ್ಸರ್ ಹರಡಿಸಲ್ಲ. ಅದಿಲ್ಲದೆ ಯಾವ ಕ್ಯಾನ್ಸರ್, ಯಾವ ಔಷಧ ಅಂತ ಗೊತ್ತಾಗೋದೇ ಇಲ್ಲ. ಕೆಲವು ಅಂಗಗಳಲ್ಲಿ ಹೇಗೆ, ಎಲ್ಲಿಂದ ತೆಗೆಯಬೇಕು ಅನ್ನೋ ಎಚ್ಚರಿಕೆ ಇದೆ, ಅದನ್ನು ಸರ್ಜನ್ ನೋಡಿಕೊಳ್ಳುತ್ತಾರೆ.

ಟ್ಯೂಮರ್ ಅಂದರೆ ಕ್ಯಾನ್ಸರ್ ಅಂತ ತಿಳಿಯೋದೂ ತಪ್ಪು. ಜೀವಕೋಶಗಳು ಲೆಕ್ಕ ಮೀರಿ ಬೆಳೆದು ಗಡ್ಡೆ ಆದರೆ ಟ್ಯೂಮರ್. ಅದು ಇದ್ದಲ್ಲೇ ಇದ್ದರೆ ಬಿನೈನ್. ಅಕ್ಕಪಕ್ಕ ನುಗ್ಗಿ, ರಕ್ತದಲ್ಲಿ ಹೋಗಿ ಬೇರೆ ಕಡೆ ನೆಲೆಸುವ ಗುಣ ಇದ್ದರೆ ಮ್ಯಾಲಿಗ್ನಂಟ್, ಅದಕ್ಕೇ ಕ್ಯಾನ್ಸರ್ ಅನ್ನೋದು. ಹೆಣ್ಣುಮಕ್ಕಳ ಗರ್ಭಕೋಶದ ಫೈಬ್ರಾಯ್ಡ್ ಕೂಡ ಟ್ಯೂಮರೇ, ಬಿನೈನ್. ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಗಡ್ಡೆಯೇ ಇರಲ್ಲ.

ಗುಮ್ಮಟನಗರಿ
ಸರಿ ಡಾಕ್ಟರ್, ಒಪ್ಪಿದೆ. ಊರಲ್ಲಿ ಹೇಳುತ್ತೇನೆ.

ಸಿಸ್ಟರ್ ವಿಜಯಪುರ
ನಾನು ವಾರ್ಡಿನಲ್ಲಿ ದಿನಾ ಕೇಳುವ ಗೊಂದಲ ಇನ್ನೊಂದಿದೆ, ಹೃದಯದ್ದು. ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್, ಹಾರ್ಟ್ ಫೇಲ್ಯೂರ್. ಮೂರೂ ಬೇರೆ. ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಂಡು ಅದರ ಸ್ನಾಯು ಸಾಯತೊಡಗಿದರೆ ಅಟ್ಯಾಕ್. ರೋಗಿ ಎದೆ ಹಿಡಿದುಕೊಂಡು ಮಾತಾಡುತ್ತಲೂ ಇರಬಹುದು. ಅರೆಸ್ಟ್ ಅಂದರೆ ಬಡಿತವೇ ನಿಂತು ಕುಸಿಯೋದು. ಆಗ ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಎದೆಯ ನಡುವೆ, ಎರಡು ಇಂಚು ಆಳಕ್ಕೆ. ಒಬ್ಬರು ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ.

ಹಾರ್ಟ್ ಫೇಲ್ಯೂರ್ ಅಂದ ತಕ್ಷಣ ಮನೆಯವರು ‘ಹೋದರಾ?’ ಅಂತ ಓಡಿ ಬರುತ್ತಾರೆ. ಹೃದಯ ನಿಂತಿಲ್ಲ, ಪಂಪ್ ಮಾಡುವ ಶಕ್ತಿ ಕುಗ್ಗಿದೆ ಅಂತ. ಹೃದಯದ ಸ್ಕ್ಯಾನ್, ಅಂದರೆ ಎಕೋ ರಿಪೋರ್ಟಿನಲ್ಲಿ ‘ಇಎಫ್ 55’ ಅಂತ ಇದ್ದರೆ ನೂರಕ್ಕೆ 55 ಮಾರ್ಕ್ಸ್ ಅಂತ ತಿಳಿಯಬೇಡಿ. ಪ್ರತಿ ಬಡಿತಕ್ಕೆ ಒಳಗಿನ ರಕ್ತದಲ್ಲಿ ಎಷ್ಟು ಭಾಗ ಹೊರಗೆ ಹೋಗುತ್ತದೆ ಅಂತ ಅದು. ನೂರು ಯಾರಿಗೂ ಇರಲ್ಲ. 55 ಒಳ್ಳೆಯದೇ.

ಲಕ್ವಾ ಹೊಡೆದಾಗಲೂ ‘ಹಾರ್ಟಿಗೆ ಏನೋ ಆಗಿದೆ’ ಅಂತ ಕರೆದುಕೊಂಡು ಬರುತ್ತಾರೆ. ಸ್ಟ್ರೋಕ್ ಆಗೋದು ಮೆದುಳಿಗೆ. ಬಾಯಿ ಸೊಟ್ಟ ಆಯಿತು, ಒಂದು ಕೈ ಏಳುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಆ ಕ್ಷಣವೇ ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಕರಗಿಸುವ ಸೂಜಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ‘ಮೊದಲು ಪಾರಿವಾಳದ ರಕ್ತ ಹಚ್ಚಿಸಿಕೊಂಡು ಬಂದೆವು’ ಅಂತ ಮರುದಿನ ತರುತ್ತಾರೆ ನೋಡಿ, ಆಗ ನಮ್ಮ ಕೈ ಕಟ್ಟಿಹೋಗಿರುತ್ತದೆ.

ಖಾನಾಪುರ ಕಾಡಂಚು
ಸಿಸ್ಟರ್, ಎಲ್ಲಾ ನಾಟಿ ಔಷಧ ಬೈಯಬೇಡಿ. ಕಾಮಾಲೆ ರೋಗಕ್ಕೆ ನಮ್ಮ ಕಡೆ ಹಸಿರು ಔಷಧ ಕೊಡುತ್ತಾರೆ, ನೂರಾರು ಜನ ವಾಸಿಯಾಗಿದ್ದಾರೆ. ದವಾಖಾನೆಯಲ್ಲಿ ಅದಕ್ಕೆ ಗುಳಿಗೆಯೇ ಇಲ್ಲ ಅಂತ ಡಾಕ್ಟರೇ ಹೇಳುತ್ತಾರೆ.

ಜಮಖಂಡಿ ಟೀಚರ್
ಕಾಡಂಚಿನವರೇ, ಇಲ್ಲೇ ಪದದ ಅರ್ಥ ಮುಖ್ಯ ಆಗೋದು. ಕಾಮಾಲೆ ಒಂದು ರೋಗ ಅಲ್ಲ, ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹೆಚ್ಚಾಗಿ ಕಣ್ಣು ಹಳದಿ ಆಗೋದು. ಅದು ಯಾಕೆ ಹೆಚ್ಚಾಯಿತು ಅನ್ನೋದು ಬೇರೆ ಬೇರೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಇರಬಹುದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿರಬಹುದು. ಕೆಂಪು ಕಣಗಳು ಬೇಗ ಒಡೆಯುತ್ತಿರಬಹುದು. ಕುಡಿತದಿಂದ ಲಿವರ್ ಹಾಳಾಗಿರಬಹುದು. ಮೇದೋಜೀರಕದ ಕ್ಯಾನ್ಸರೂ ಇರಬಹುದು.

ಎ ವೈರಸ್‌ನದು ಬಹುತೇಕರಿಗೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತದೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಅದಕ್ಕೇ ಹೆಸರು ಬರುತ್ತದೆ. ನಾಳದಲ್ಲಿ ಕಲ್ಲು ಸಿಕ್ಕವರು ಅದೇ ಔಷಧ ಕುಡಿದು ಕಾಯುತ್ತಾ ಕೂತರೆ ಏನಾಗಬೇಕು? ಗರ್ಭಿಣಿಗೆ ಹೆಪಟೈಟಿಸ್ ಇ ಬಂದಿದ್ದರೆ ಕಾಯುವಷ್ಟು ಸಮಯವೇ ಇರಲ್ಲ.

ಖಾನಾಪುರ ಕಾಡಂಚು
ಒಪ್ಪುತ್ತೇನೆ, ಆದರೆ ಗಿಡಮೂಲಿಕೆ ಅಂದರೆ ಮೂಢನಂಬಿಕೆ ಅನ್ನೋ ಧಾಟಿ ಬೇಡ. ಬೆಳಗಾವಿಯಲ್ಲೇ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪಾರಂಪರಿಕ ವೈದ್ಯ ಸಂಸ್ಥೆ ಇದೆ. ಸರ್ಕಾರವೇ ಅದಕ್ಕೆ ಸಂಸ್ಥೆ ಕಟ್ಟಿದೆ ಅಂದಮೇಲೆ ಅದರಲ್ಲಿ ಹುರುಳಿದೆ ಅಂತ ಅಲ್ವಾ?

ಜಮಖಂಡಿ ಟೀಚರ್
ಗಿಡಮೂಲಿಕೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆ ಸಂಸ್ಥೆ ಇರೋದೇ ಯಾವುದು ಕೆಲಸ ಮಾಡುತ್ತದೆ, ಯಾವುದು ಇಲ್ಲ ಅಂತ ಪರೀಕ್ಷಿಸಿ ನೋಡೋಕೆ. ಮೊದಲು ರಕ್ತ ಪರೀಕ್ಷೆ, ಬೇಕಾದರೆ ಸ್ಕ್ಯಾನ್ ಮಾಡಿಸಿ ಕಾರಣ ತಿಳಿದುಕೊಳ್ಳಿ ಅಂತಷ್ಟೇ ನಾನು ಹೇಳೋದು.

ಇಳಕಲ್ ಸೆರಗು
ಹೆಪಟೈಟಿಸ್, ಆರ್ಥ್ರೈಟಿಸ್, ಅಪೆಂಡಿಸೈಟಿಸ್, ಗ್ಯಾಸ್ಟ್ರೈಟಿಸ್... ಎಲ್ಲದಕ್ಕೂ ಕೊನೆಗೆ ‘ಐಟಿಸ್’ ಯಾಕೆ?

ಸಿಸ್ಟರ್ ವಿಜಯಪುರ
ಐಟಿಸ್ ಅಂದರೆ ಅಲ್ಲಿ ಇನ್‌ಫ್ಲಮೇಶನ್ ಇದೆ ಅಂತ. ಕೆಂಪಾಗೋದು, ಬಿಸಿ ಆಗೋದು, ಬಾವು, ನೋವು. ಲಿವರಿಗೆ ಆದರೆ ಹೆಪಟೈಟಿಸ್, ಕೀಲಿಗೆ ಆದರೆ ಆರ್ಥ್ರೈಟಿಸ್. ಇದನ್ನು ಇನ್ಫೆಕ್ಷನ್ ಜೊತೆ ಕಲೆಸಬೇಡಿ. ಇನ್ಫೆಕ್ಷನ್ ಅಂದರೆ ಹೊರಗಿನ ರೋಗಾಣು ಒಳಗೆ ಬಂದು ಬೆಳೆಯೋದು. ಇನ್‌ಫ್ಲಮೇಶನ್ ನಮ್ಮ ಮೈ ತೋರಿಸುವ ಪ್ರತಿಕ್ರಿಯೆ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಯಾವ ಇನ್ಫೆಕ್ಷನ್ನೂ ಇಲ್ಲ, ಆದರೂ ಕೀಲು ಬಾಯುತ್ತದೆ. ಅಲ್ಲಿ ಆಂಟಿಬಯಾಟಿಕ್ ಕೊಟ್ಟು ಏನೂ ಉಪಯೋಗ ಇಲ್ಲ.

ತಿಕೋಟಾ ದ್ರಾಕ್ಷಿ
ಆಂಟಿಬಯಾಟಿಕ್ ಮಾತು ಬಂತು, ಹೇಳುತ್ತೇನೆ. ನಾವು ರೈತರು ಇದನ್ನು ತೋಟದಲ್ಲೇ ಕಲಿತಿದ್ದೇವೆ. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆಯುತ್ತಿದ್ದೆವು, ಅದು ಬ್ಯಾಕ್ಟೀರಿಯಾದ ರೋಗ. ಅದನ್ನೇ ದ್ರಾಕ್ಷಿಯ ಡೌನಿ ಅನ್ನುವ ಬೂಜು ರೋಗಕ್ಕೆ ಹೊಡೆದರೆ ಬರೀ ಖರ್ಚು, ಅದು ಬ್ಯಾಕ್ಟೀರಿಯಾದ್ದಲ್ಲ. ಮೆಣಸಿನ ಗಿಡಕ್ಕೆ ಎಲೆ ಮುದುಡುವ ವೈರಸ್ ಬಂದರೆ ಆ ವೈರಸ್ಸಿಗೆ ಔಷಧವೇ ಇಲ್ಲ, ಅದನ್ನು ತರುವ ಬಿಳಿ ನೊಣ ಹಿಡಿಯಬೇಕು, ಹತ್ತಿದ ಗಿಡ ಕಿತ್ತು ಸುಡಬೇಕು. ತೋಟದಲ್ಲಿ ಇಷ್ಟು ಲೆಕ್ಕ ಹಾಕುವ ನಾವೇ ಮನೆಯಲ್ಲಿ ಮಗುವಿಗೆ ನೆಗಡಿ ಬಂದರೆ ಅಂಗಡಿಗೆ ಹೋಗಿ ಅಜಿತ್ರೋಮೈಸಿನ್ ಕೇಳುತ್ತೇವೆ. ನೆಗಡಿ ವೈರಸ್ಸಿನದು. ಆಂಟಿಬಯಾಟಿಕ್ ಅದನ್ನು ಮುಟ್ಟೋದೂ ಇಲ್ಲ.

ಬೆಳಗಾವಿ ಹೌಸ್‌ಸರ್ಜನ್
ಇದನ್ನು ನಮ್ಮ ಕ್ಲಾಸಿನಲ್ಲಿ ಹೇಳಿಸಬೇಕು ಕಾಕಾ. ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿರುವ ಸ್ಟ್ರೆಪ್ಟೋಮೈಸಿನ್ ಟಿಬಿಗೆ ಸಿಕ್ಕ ಮೊದಲ ಒಳ್ಳೆಯ ಔಷಧ. ತೋಟದಲ್ಲಿ ಬೇಕಾಬಿಟ್ಟಿ ಹೊಡೆದರೆ ಮನುಷ್ಯರಿಗೂ ಅದರ ಬಿಸಿ ತಟ್ಟುತ್ತದೆ.

ಕರದಂಟು ಗೋಕಾಕ
ನನ್ನ ಮಗನ ಮೈಗೆ ಅಮಾಕ್ಸಿಸಿಲಿನ್ ರೂಢಿ ಆಗಿದೆಯಂತೆ, ಕೆಲಸ ಮಾಡಲ್ಲ.

ಬೆಳಗಾವಿ ಹೌಸ್‌ಸರ್ಜನ್
ಮೈಗೆ ರೂಢಿ ಆಗೋದಿಲ್ಲ. ಔಷಧಕ್ಕೆ ಬಗ್ಗದೆ ಉಳಿಯೋದನ್ನು ಕಲಿಯೋದು ಬ್ಯಾಕ್ಟೀರಿಯಾ. ರೆಸಿಸ್ಟೆನ್ಸ್ ಅಂದರೆ ಅದು. ಅದಕ್ಕೇ ಒಂದೂ ಗುಳಿಗೆ ನುಂಗದ ಕೂಸಿಗೂ ಬೇರೆಯವರಿಂದ ಅಂಥ ಬ್ಯಾಕ್ಟೀರಿಯಾ ಬರಬಹುದು. ಪೆನಿಸಿಲಿನ್‌ನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಕಡಿಮೆ ಅಳತೆಯಲ್ಲಿ ಬಳಸಿದರೆ ಹೀಗಾಗುತ್ತದೆ ಅಂತ ಎಚ್ಚರಿಸಿದ್ದರು.

ಔಷಧ ಅಂಗಡಿ, ರಬಕವಿ
ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಇದರ ಬಗ್ಗೆ ಪ್ರಚಾರವನ್ನೂ ಮಾಡಿತು. ನಾವು ಕೊಡಲ್ಲ ಅಂದರೆ ಗಿರಾಕಿ ಮುನಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಇದು ನಮ್ಮ ದಿನದ ಜಗಳ.

ಮುಧೋಳ ಬೇಟೆ
ವಿಷಯ ಸ್ವಲ್ಪ ಬೇರೆ, ಟೀಚರ್ ಇದ್ದಾರೆ ಅಂತ ಕೇಳುತ್ತಿದ್ದೇನೆ. ನಮ್ಮ ಮುಧೋಳ ನಾಯಿ ಬೇರೆ ‘ಪ್ರಭೇದ’ ಅಂತ ಒಬ್ಬರು ವಾದ ಮಾಡಿದರು. 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದ ನಾಯಿ ಅದು. ಸರಿನಾ?

ಜಮಖಂಡಿ ಟೀಚರ್
ಅಂಚೆ ಚೀಟಿ ಬಂದಿದ್ದು ನಿಜ, ಪ್ರಭೇದ ಅನ್ನೋದು ಸರಿಯಲ್ಲ. ಮುಧೋಳ ಒಂದು ತಳಿ. ಮನುಷ್ಯರು ತಮಗೆ ಬೇಕಾದ ಗುಣ ಆರಿಸಿ ಆರಿಸಿ ಬೆಳೆಸಿದ್ದು. ಬೀದಿ ನಾಯಿ, ಪಮೇರಿಯನ್, ಮುಧೋಳ ಎಲ್ಲಾ ಒಂದೇ ಪ್ರಭೇದ. ತಮ್ಮತಮ್ಮಲ್ಲಿ ಕೂಡಿ ಮರಿ ಹಾಕುತ್ತವೆ, ಆ ಮರಿಗಳಿಗೂ ಮರಿ ಆಗುತ್ತವೆ. ಕುದುರೆ, ಕತ್ತೆ ಬೇರೆ ಪ್ರಭೇದ. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62. ಅವೆರಡರಿಂದ ಹುಟ್ಟುವ ಹೇಸರಗತ್ತೆಗೆ 63, ಅದಕ್ಕೆ ಸಾಮಾನ್ಯವಾಗಿ ಮರಿ ಆಗಲ್ಲ.

ತಿಕೋಟಾ ದ್ರಾಕ್ಷಿ
ಹಾಗಾದರೆ ನಮ್ಮ ಕಿಲಾರಿ ಆಕಳಿಗೆ ಎಚ್‌ಎಫ್ ಅನ್ನುವ ವಿದೇಶಿ ತಳಿಯ ವೀರ್ಯದ ಸೂಜಿ ಹಾಕಿಸಿದರೆ ಹುಟ್ಟುವ ಕರು ಗಬ್ಬ ಆಗುತ್ತದಲ್ಲ, ಅವೂ ಒಂದೇ ಪ್ರಭೇದವಾ?

ಜಮಖಂಡಿ ಟೀಚರ್
ಒಳ್ಳೇ ಪ್ರಶ್ನೆ ಕಾಕಾ. ಡುಬ್ಬ ಇರುವ ನಮ್ಮ ದನ ಮತ್ತು ಡುಬ್ಬ ಇಲ್ಲದ ವಿದೇಶಿ ದನವನ್ನು ಕೆಲವರು ಎರಡು ಪ್ರಭೇದ ಅಂತಲೂ, ಕೆಲವರು ಒಂದರದೇ ಎರಡು ಉಪಪ್ರಭೇದ ಅಂತಲೂ ಎಣಿಸುತ್ತಾರೆ. ಮಿಶ್ರ ಕರುಗಳು ಗಬ್ಬ ಆಗುತ್ತವೆ ಅನ್ನೋದೇ ಎರಡನೆಯವರ ವಾದ. ಎಮ್ಮೆ ಮಾತ್ರ ಖಂಡಿತ ಬೇರೆ. ಪ್ರಕೃತಿ ಪುಸ್ತಕದ ಗೆರೆ ನೋಡಿಕೊಂಡು ನಡೆಯಲ್ಲ.

ಇಳಕಲ್ ಸೆರಗು
ನಮ್ಮ ಹುನಗುಂದ ಕಡೆ ಕೆಲವು ಊರಲ್ಲಿ ಹಲ್ಲು ಕಂದು ಗೆರೆ ಇರುವವರನ್ನು ‘ಹಲ್ಲು ಉಜ್ಜಲ್ಲ’ ಅಂತ ಹೀಯಾಳಿಸುತ್ತಾರೆ. ಅದು ಫ್ಲೋರೋಸಿಸ್. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು, ಚಿಕ್ಕ ವಯಸ್ಸಿನಲ್ಲಿ ಹಲ್ಲು ಮೂಡುವ ಹೊತ್ತಿಗೆ ಅದನ್ನು ಕುಡಿದರೆ ಆಗೋದು. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಕುಡಿಯಬಹುದು ಅಂತ ನಮ್ಮ ದೇಶದ ನಿಯಮ. ಕಾಯಿಸಿ ಕುಡಿದರೆ ಹೋಗಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಇಳಿದು ಬೆನ್ನು ಬಗ್ಗುತ್ತದೆ. ಆ ಮಕ್ಕಳನ್ನು ಆಡಿಕೊಳ್ಳೋದು ನಿಲ್ಲಬೇಕು.

ಸವದತ್ತಿ ಸುಮಾ
ನಿಜ ಅಕ್ಕಾ. ನನ್ನ ಗೆಳತಿ ಇದೇ ಕಾರಣಕ್ಕೆ ಫೋಟೋದಲ್ಲಿ ಯಾವತ್ತೂ ನಗೋದಿಲ್ಲ.

ನವನಗರದವ
ಎಷ್ಟೆಲ್ಲಾ ಕಲಿತೆವು. ಇನ್ನೊಂದೇ ಕೇಳುತ್ತೇನೆ. ಅಪ್ಪನ ಹಾಳೆಯಲ್ಲಿ ಕೆಳಗೆ ‘ಎಸೆನ್ಷಿಯಲ್ ಹೈಪರ್‌ಟೆನ್ಷನ್’ ಅಂತ ಇದೆ. ಎಸೆನ್ಷಿಯಲ್ ಅಂದರೆ ಅವಶ್ಯಕ ಅಲ್ವಾ? ಅವರಿಗೆ ಹೈ ಬಿಪಿ ಇರಲೇಬೇಕು ಅಂತಾನಾ? ಜೊತೆಗೆ ಹೊಟ್ಟೆ ಸ್ಕ್ಯಾನಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’, ಕೊನೆಗೆ ‘ಕ್ಲಿನಿಕಲ್ ಕೊರಿಲೇಶನ್’ ಅಂತ ಇದೆ.

ಬೆಳಗಾವಿ ಹೌಸ್‌ಸರ್ಜನ್
ಅವಶ್ಯಕ ಅನ್ನೋ ಅರ್ಥ ಅಲ್ಲವೇ ಅಲ್ಲ. ಇಂಥದೇ ಒಂದು ಕಾರಣ ಅಂತ ಬೆರಳು ತೋರಿಸೋಕೆ ಆಗದ ಹೈ ಬಿಪಿಗೆ ಎಸೆನ್ಷಿಯಲ್ ಅನ್ನುತ್ತಾರೆ. ಬಿಪಿ ಇರುವ ನೂರರಲ್ಲಿ ಸುಮಾರು ತೊಂಬತ್ತು ಜನರದು ಇದೇ. ಉಳಿದವರಿಗೆ ಕಿಡ್ನಿ, ಹಾರ್ಮೋನ್ ಹೀಗೆ ಕಾರಣ ಸಿಗುತ್ತದೆ. ನಿಮ್ಮಪ್ಪನಿಗೆ ಕಿಡ್ನಿ ತೊಂದರೆಯೂ ಇರೋದರಿಂದ, ಬಿಪಿಯಿಂದ ಕಿಡ್ನಿ ಸೋತಿತೋ, ಕಿಡ್ನಿಯಿಂದ ಬಿಪಿ ಬಂತೋ ಅಂತ ಡಾಕ್ಟರನ್ನು ಕೇಳಿ. ಯಾವುದೇ ಆದರೂ ಗುಳಿಗೆ ತಪ್ಪಿಸಬಾರದು, ಉಪ್ಪಿನಕಾಯಿ, ಹಪ್ಪಳ ದೂರ ಇಡಬೇಕು.

ಸಿಸ್ಟರ್ ವಿಜಯಪುರ
ಗ್ರೇಡ್ 1 ಅಂದರೆ ಲಿವರಿನಲ್ಲಿ ಸ್ವಲ್ಪ ಕೊಬ್ಬು ಸೇರಿದೆ ಅಂತ. ಶುಗರ್ ಇದ್ದವರಲ್ಲಿ ಬಹಳ ಕಾಣುತ್ತದೆ. ತೂಕ ಇಳಿಸಿದರೆ, ನಡೆದಾಡಿದರೆ ಕಡಿಮೆ ಆಗುತ್ತದೆ. ಕ್ಲಿನಿಕಲ್ ಕೊರಿಲೇಶನ್ ಅಂದರೆ, ಸ್ಕ್ಯಾನ್ ಮಾಡಿದವರು ಚಿತ್ರ ಮಾತ್ರ ನೋಡಿದ್ದಾರೆ, ರೋಗಿಯನ್ನು ನೋಡುವ ಡಾಕ್ಟರು ಇದನ್ನು ಅವರ ತ್ರಾಸಿನ ಜೊತೆ ಹೊಂದಿಸಿ ನೋಡಲಿ ಅಂತ. ಅಂದರೆ ಆ ಹಾಳೆಯನ್ನು ಮೊದಲು ತೋರಿಸಬೇಕಾಗಿದ್ದು ಕಾಕಾನಿಗಲ್ಲ, ಡಾಕ್ಟರಿಗೆ. ಮುಂದಿನ ಸಲ ಹೋಗುವಾಗ ಕೇಳಬೇಕಾದ್ದನ್ನೆಲ್ಲಾ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಿಂದೆ ಎಷ್ಟೇ ಮಂದಿ ನಿಂತಿರಲಿ, ಚೀಟಿ ಮುಂದಿಟ್ಟರೆ ಡಾಕ್ಟರು ಉತ್ತರ ಹೇಳುತ್ತಾರೆ. ಆ ನಾಲ್ಕು ನಿಮಿಷ ನಿಮ್ಮಪ್ಪನ ಹಕ್ಕು.

ಲ್ಯಾಬ್ ಮಂದಿ
ಜೊತೆಗೆ ಹಳೇ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ. ಹೊಸದು ಮೇಲೆ ಇರಲಿ.